ಎದುರು ಕೂತು ಅರ್ಥ ಹೇಳುವವರು

ಬೈಂದೂರಿನಿಂದ ಬ್ರಹ್ಮಾವರದ ತನಕ ಎಷ್ಟು ಹುಡುಕಿದರೂ ಸೈಂಟಾಲಜಿ ಎಂಬ ಮತದವರು ಒಬ್ಬರಾದರೂ ಸಿಕ್ಕಾರೆಂಬ ನಂಬಿಕೆ ನನಗಿಲ್ಲ. ನಾನಂತೂ ಕಂಡಿಲ್ಲ. ಅವರಿಗೆ ಇಲ್ಲಿ ಜಾಗವಾದರೂ ಎಲ್ಲಿದೆ? ಹಾಡಿಗೊಂದು ನಾಗಬನ, ಕಡಲ ಬದಿಗೆ ಬೊಬ್ಬರ್ಯ, ಮನೆತನಕ್ಕೊಂದು ದೈವ, ಇವರೆಲ್ಲರ ಮೇಲೆ ಉಸ್ತುವಾರಿಗೆ ಆನೆಗುಡ್ಡೆಯ ವಿನಾಯಕ, ಮಂದಾರ್ತಿಯ ದುರ್ಗಾಪರಮೇಶ್ವರಿ, ಕೊಲ್ಲೂರಿನ ಮೂಕಾಂಬಿಕೆ. ಬ್ರಹ್ಮಾವರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕೆಲವು ಕ್ರೈಸ್ತರು ರೋಮಿನೊಡನೆ ತಗಾದೆ ತೆಗೆದು, ಸಿರಿಯನ್ ಸಂಪ್ರದಾಯಕ್ಕೆ ಸೇರಿ, ತಮ್ಮದೇ ಇಗರ್ಜಿ ಮಾಡಿಕೊಂಡದ್ದುಂಟು. ಆದರೆ ಅವರೂ ಹೊಸ ದೇವರನ್ನೇನು ತಂದವರಲ್ಲ. ಇದ್ದ ದೇವರನ್ನೇ ಇಟ್ಟುಕೊಂಡು ಮೇಲಧಿಕಾರಿಗಳನ್ನಷ್ಟೇ ಬದಲಾಯಿಸಿದರು. ನಮ್ಮ ಸೀಮೆಯ ಮಟ್ಟಿಗೆ ಮತಾಂತರದ ಹುಮ್ಮಸ್ಸು ಅಷ್ಟಕ್ಕೇ ಮುಗಿಯುತ್ತದೆ.

ಹೀಗಿದ್ದೂ ನನ್ನ ಕಪಾಟಿನ ಒಂದು ಅಂತಸ್ತು ಪೂರ್ತಿ ಸೈಂಟಾಲಜಿಯ ಮೇಲಿನ ಪುಸ್ತಕಗಳಿವೆ. ಆ ಮತದವರು ಅಚ್ಚು ಹಾಕಿಸಿದವು ಅಲ್ಲ. ಆ ಮತವನ್ನೂ ಅದರ ಸ್ಥಾಪಕನನ್ನೂ ಹೊರಗಿನವರು, ಒಳಗಿದ್ದು ಹೊರಬಂದವರು, ಪರೀಕ್ಷೆ ಮಾಡಿ ಬರೆದವು. ಕುಂದಾಪುರದ ಮಳೆಗಾಲದಲ್ಲಿ ಅವಕ್ಕೆ ವರ್ಷ ವರ್ಷವೂ ಬೂಷ್ಟು ಹಿಡಿಯುತ್ತದೆ. ಮಗ್ಗುಲಲ್ಲಿರುವ ರಾಮಾಯಣಕ್ಕೂ ಹಿಡಿಯುತ್ತದೆ, ಬೂಷ್ಟಿಗೆ ಪಕ್ಷಪಾತವಿಲ್ಲ. ಬಿಸಿಲು ಬಿದ್ದ ದಿನ ಎಲ್ಲವನ್ನೂ ಜಗಲಿಯಲ್ಲಿ ಹರವಿ ಕೂರುತ್ತೇನೆ. ಆಗ ಪಕ್ಕದ ಮನೆಯ ಶೆಟ್ಟರು ಬೇಲಿಯಾಚೆಯಿಂದ ಇಣುಕುತ್ತಾರೆ. ಅವರು ಮುಂಬಯಿಯಲ್ಲಿ ಹೊಟೇಲು ನಡೆಸಿ, ಮಕ್ಕಳಿಗೆ ವಹಿಸಿ, ಊರಿಗೆ ಬಂದು ಕೂತವರು.

“ಎಂತ ಮಾಷ್ಟ್ರೆ, ಮತ್ತೆ ಅದೇ ಸ್ವಾಮಿದ್ ಪುಸ್ತಕವಾ?”

“ಸ್ವಾಮಿ ಅಲ್ಲ ಶೆಟ್ರೆ. ಕಥೆ ಬರೀತಿದ್ದವ.”

“ಕಥೆ ಹೇಳ್ದೆ ಯಾವ ಸ್ವಾಮಿ ಆದ್ದ್ ಹೇಳಿ ಕಾಂಬ?”

ಈ ಒಂದು ಮಾತನ್ನು ಹೇಳುವುದಕ್ಕೆ ಕೆಲವು ಸಂಶೋಧಕರಿಗೆ ನಾನೂರು ಪುಟ ಬೇಕಾಗಿದೆ.

ಕಥೆ ಬರೆಯುತ್ತಿದ್ದವನ ಹೆಸರು ಲಫಯೆಟ್ ರೊನಾಲ್ಡ್ ಹಬ್ಬರ್ಡ್. ಹುಟ್ಟಿದ್ದು 1911ರ ಮಾರ್ಚ್ 13ರಂದು, ಅಮೆರಿಕದ ನೆಬ್ರಾಸ್ಕಾದ ಟಿಲ್ಡನ್ ಎಂಬ ಸಣ್ಣ ಊರಿನಲ್ಲಿ. ಅಗ್ಗದ ಕಾಗದದ ಪತ್ರಿಕೆಗಳಿಗೆ ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ಸಾಹಸದ ಕಥೆ, ಬಾಹ್ಯಾಕಾಶದ ಕಥೆ ಬರೆದು ಬದುಕುತ್ತಿದ್ದ. 1950ರ ಮೇ ತಿಂಗಳಲ್ಲಿ ‘ಡಯಾನೆಟಿಕ್ಸ್’ ಎಂಬ ಪುಸ್ತಕ ತಂದ. ಮನುಷ್ಯನ ಹಳೆಯ ನೋವುಗಳೆಲ್ಲ ಮನಸ್ಸಿನ ಒಂದು ಮೂಲೆಯಲ್ಲಿ ಅಚ್ಚೊತ್ತಿ ಕೂತಿರುತ್ತವೆ, ಅವನ್ನು ಕೆದಕಿ ತೆಗೆದರೆ ಮನುಷ್ಯ ‘ಕ್ಲಿಯರ್’ ಆಗುತ್ತಾನೆ, ಕಾಯಿಲೆಗಳೂ ಹೋಗುತ್ತವೆ ಎಂಬುದು ಅದರ ತಿರುಳು. ಪುಸ್ತಕ ಬಿಸಿ ಬಿಸಿಯಾಗಿ ಖರ್ಚಾಯಿತು. 1953ರ ಡಿಸೆಂಬರಿನಲ್ಲಿ ನ್ಯೂ ಜೆರ್ಸಿಯ ಕ್ಯಾಮ್ಡನ್‌ನಲ್ಲಿ ಅದೇ ಸರಕು ‘ಚರ್ಚ್ ಆಫ್ ಸೈಂಟಾಲಜಿ’ ಎಂದು ನೋಂದಣಿಯಾಯಿತು. ಭಕ್ತ ಎರಡೂ ಕೈಯಲ್ಲಿ ಒಂದೊಂದು ತವರದ ಡಬ್ಬಿ ಹಿಡಿದು ಕೂರಬೇಕು. ತಂತಿಯ ಆಚೆ ತುದಿಯಲ್ಲಿ ಮುಳ್ಳು ಆಡುವ ಯಂತ್ರ. ಮುಳ್ಳು ನೋಡುವವನು ಪ್ರಶ್ನೆ ಕೇಳುತ್ತಾ ಹೋಗುತ್ತಾನೆ. ಯಂತ್ರದ ಹೆಸರು ಇ-ಮೀಟರ್. ಗಂಟೆಗೆ ಇಷ್ಟು ಎಂದು ದರ.

ಇಷ್ಟಾದರೆ ನನಗೆ ಕುತೂಹಲ ಹುಟ್ಟುತ್ತಿರಲಿಲ್ಲ. ಹಬ್ಬರ್ಡ್ ತನ್ನದೇ ಜೀವನಚರಿತ್ರೆಯನ್ನು ತಾನೇ ಹಬ್ಬಿಸಿದ ಪರಿ ಇದೆಯಲ್ಲ, ಅದು ನನ್ನನ್ನು ಹಿಡಿದು ಹಾಕಿತು. ಎಳೆಯ ವಯಸ್ಸಿನಲ್ಲೇ ಬ್ಲ್ಯಾಕ್‌ಫೂಟ್ ಬುಡಕಟ್ಟಿನವರ ರಕ್ತಸೋದರನಾದದ್ದು, ಹದಿಹರೆಯದಲ್ಲಿ ಚೀನಾ, ಭಾರತ, ಟಿಬೆಟ್ಟುಗಳ ಗುರುಗಳ ಪಾದದಡಿ ಕೂತು ಜ್ಞಾನ ಪಡೆದದ್ದು, ಪರಮಾಣು ವಿಜ್ಞಾನಿಯಾದದ್ದು, ಯುದ್ಧದಲ್ಲಿ ಕುರುಡನೂ ಹೆಳವನೂ ಆಗಿ ಬಿದ್ದು ತನ್ನ ವಿದ್ಯೆಯಿಂದ ತಾನೇ ಎದ್ದು ನಿಂತದ್ದು. ಈ ಕೊನೆಯದ್ದೇ ಇಡೀ ಕಟ್ಟಡದ ಅಡಿಗಲ್ಲು.

ಬ್ರಿಟಿಷ್ ಪತ್ರಕರ್ತ ರಸೆಲ್ ಮಿಲ್ಲರ್ ಈ ಒಂದೊಂದು ಸಂಗತಿಯನ್ನೂ ಹಿಡಿದು ಊರೂರು ತಿರುಗಿದ. 1987ರಲ್ಲಿ ಬಂದ ಅವನ ‘ಬೇರ್-ಫೇಸ್ಡ್ ಮೆಸ್ಸಾಯ’ ನನ್ನ ಕಪಾಟಿನಲ್ಲಿ ಅತ್ಯಂತ ಜೀರ್ಣವಾಗಿರುವ ಪುಸ್ತಕ. ಹುಡುಗ ಹಬ್ಬರ್ಡ್ ತಾಯಿತಂದೆಯ ಜೊತೆ ಚೀನಾಕ್ಕೆ ಹೋದದ್ದು ನಿಜ. ಆದರೆ ದಿನಚರಿಯಲ್ಲಿ ಜ್ಞಾನದ ಸುದ್ದಿ ಇಲ್ಲ. ಲಾಮಾಗಳ ಗುಡಿಗಳು ಥಂಡಿ, ಕಳಾಹೀನ ಎಂಬ ಗೊಣಗಾಟವಿದೆ. ಮಹಾಗೋಡೆಯನ್ನು ಕಂಡಾಗ, ಇದರ ಮೇಲೆ ಜಾತ್ರೆಯ ರೋಲರ್ ಕೋಸ್ಟರ್ ಓಡಿಸಿದರೆ ಚೀನಾದವರು ವರ್ಷಕ್ಕೆ ಲಕ್ಷಾಂತರ ಡಾಲರ್ ಬಾಚಬಹುದು ಎಂದು ಬರೆದುಕೊಂಡಿದ್ದಾನೆ. ಮುಂದೆ ಅವನು ಯಾವ ದಾರಿ ಹಿಡಿದಾನು ಎಂಬುದಕ್ಕೆ ನನಗೆ ಬೇರೆ ಭವಿಷ್ಯವಾಣಿ ಬೇಕೆನಿಸಲಿಲ್ಲ. ಪರಮಾಣು ವಿಜ್ಞಾನದ ಪರೀಕ್ಷೆಯಲ್ಲಿ ಫೇಲು; ಪದವಿ ಮುಗಿಸಲೇ ಇಲ್ಲ.

ಯುದ್ಧದ ಕಥೆಯಂತೂ ನೌಕಾಪಡೆಯ ಕಡತದಲ್ಲಿ ಓದಬೇಕು. 1943ರ ಮೇ ತಿಂಗಳಲ್ಲಿ ಒರೆಗಾನ್ ಕರಾವಳಿಯ ಆಚೆ ಅವನ ಕೈಯಲ್ಲಿದ್ದ ಸಣ್ಣ ಹಡಗು ಎರಡು ದಿನಕ್ಕೂ ಮೀರಿ ಜಪಾನಿನ ಜಲಾಂತರ್ಗಾಮಿಗಳ ಮೇಲೆ ಯುದ್ಧ ಮಾಡಿತು, ನೀರೊಳಗೆ ಬಾಂಬು ಸುರಿಯಿತು. ಮೇಲಧಿಕಾರಿಗಳು ವಿಚಾರಿಸಿ ನೋಡಿದರೆ ಅಲ್ಲಿ ಜಲಾಂತರ್ಗಾಮಿಯೇ ಇರಲಿಲ್ಲ. ಸಮುದ್ರದ ತಳದಲ್ಲಿ ಅಯಸ್ಕಾಂತದ ಗುಣವಿರುವ ನಿಕ್ಷೇಪ ಇತ್ತು. ಅದಾಗಿ ಸ್ವಲ್ಪ ದಿನಕ್ಕೇ ಮೆಕ್ಸಿಕೋದ ದ್ವೀಪಗಳ ಕಡೆಗೆ ಫಿರಂಗಿ ಹಾರಿಸಿ ಅಭ್ಯಾಸ ಮಾಡಿದ. ಮೆಕ್ಸಿಕೋ ಮಿತ್ರದೇಶ. ಹಡಗಿನ ಅಧಿಕಾರ ಹೋಯಿತು. ಆಸ್ಪತ್ರೆಯ ದಾಖಲೆಯಲ್ಲಿ ಕುರುಡಿಲ್ಲ, ಹೆಳವಿಲ್ಲ. ಕರುಳಿನ ಹುಣ್ಣು, ಕಣ್ಣು ಕೆಂಪಾಗಿದ್ದದ್ದು, ಇಂಥವು ಇವೆ.

ಗಂಗೊಳ್ಳಿಯ ಮೀನುಗಾರರಿಗೆ ಈ ಕಥೆ ಹೇಳಿದರೆ ಅವರು ನಗಲಿಲ್ಲ. ನೀರಿನ ಮೇಲೆ ರಾತ್ರಿ ಹೊತ್ತು ಏನೇನು ಕಂಡಂತಾಗುತ್ತದೆ ಎಂಬುದು ಅವರಿಗೆ ಗೊತ್ತು. “ಕಂಡದ್ದ್ ತಪ್ಪಲ್ಲ, ದಡಕ್ಕೆ ಬಂದ್ ಮೇಲೂ ಇತ್ತ್ ಅಂತ ಹೇಳೂದ್ ತಪ್ಪ್” ಎಂದರು ಒಬ್ಬರು.

ಈ ಪುಸ್ತಕಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಮಳೆಗಾಲದ ಒಂದು ರಾತ್ರಿ, ಯಾರದ್ದೋ ಮನೆಯ ಚಾವಡಿ ಅಥವಾ ದೇವಸ್ಥಾನದ ಹೆಬ್ಬಾಗಿಲು. ಪ್ರಸಂಗ ‘ವಾಲಿವಧೆ’. ಭಾಗವತರು ಪದ್ಯ ಹೇಳುತ್ತಾರೆ. ರಾಮನ ಬಾಣಕ್ಕೆ ವಾಲಿ ಬೀಳುತ್ತಾನೆ. ಬಿದ್ದವನು ಸಾಯುವುದಿಲ್ಲ, ಕೇಳಲು ಶುರುಮಾಡುತ್ತಾನೆ. ಮರದ ಮರೆಯಲ್ಲಿ ಯಾಕೆ ನಿಂತೆ? ನಿನಗೂ ನನಗೂ ಹಗೆ ಏನಿತ್ತು? ನಾನು ಕಪಿಯಾದರೆ ಕಪಿಗೆ ಮನುಷ್ಯರ ಧರ್ಮ ಯಾಕೆ? ಮನುಷ್ಯನ ಧರ್ಮವೇ ನನಗೂ ಎಂದಾದರೆ ಯುದ್ಧದ ನಿಯಮ ನನಗೆ ಯಾಕಿಲ್ಲ? ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳಲು ಕೂತರೆ ಎದುರಿನ ರಾಮನಿಗೆ ಬೆವರು ಬರುತ್ತಿತ್ತು ಎಂದು ಕೇಳಿದವರು ಈಗಲೂ ಹೇಳುತ್ತಾರೆ. ಮಲ್ಪೆಯ ಸಾಮಗ ಸಹೋದರರ ವಾದಸರಣಿಯನ್ನು ಬಾಯಿಪಾಠ ಮಾಡಿಕೊಂಡವರೂ ಇದ್ದಾರೆ. ರಾಮ ಗೆಲ್ಲಬೇಕು, ಪ್ರಸಂಗ ಇರುವುದೇ ಹಾಗೆ. ಆದರೆ ವಾಲಿಯ ಪ್ರಶ್ನೆಗೆ ಉತ್ತರ ಹೇಳಿ ಗೆಲ್ಲಬೇಕು. ಉತ್ತರ ತಡವರಿಸಿದರೆ ಸಭೆಯ ಹಿಂದಿನ ಸಾಲಿನಿಂದ ಕೆಮ್ಮು ಕೇಳಿಸುತ್ತದೆ. ಆ ಕೆಮ್ಮಿಗೆ ಅರ್ಥಧಾರಿಗಳು ಹೆದರುವಷ್ಟು ಪತ್ರಿಕೆಯ ವಿಮರ್ಶೆಗೆ ಹೆದರುವುದಿಲ್ಲ. ಬೆಳಗಿನ ಜಾವ ಮಂಗಳ. ರಾತ್ರಿಯೆಲ್ಲ ವಾಲಿಯ ಪರ ತಲೆದೂಗಿದ ಅಜ್ಜಿ ಮನೆಗೆ ಹೋಗಿ, ಮಿಂದು, ರಾಮನ ಪಟಕ್ಕೇ ದೀಪ ಹಚ್ಚುತ್ತಾಳೆ. ಆಕೆಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ರಾಮನಿಗೂ ಕಂಡಿರಲಿಕ್ಕಿಲ್ಲ.

ಹಬ್ಬರ್ಡನಿಗೆ ಈ ಭಾಗ್ಯ ಬೇಡವಾಗಿತ್ತು. ಎದುರು ಅರ್ಥ ಹೇಳುವವರು ಅವನಿಗೆ ಮೊದಲ ವರ್ಷದಿಂದಲೂ ಇದ್ದರು. ‘ಡಯಾನೆಟಿಕ್ಸ್’ಗೆ ಮುನ್ನುಡಿ ಬರೆದುಕೊಟ್ಟ ವೈದ್ಯ ಜೋಸೆಫ್ ವಿಂಟರ್, ಮರುವರ್ಷ 1951ರಲ್ಲೇ ತನ್ನ ಆಕ್ಷೇಪಗಳನ್ನು ಬೇರೆ ಪುಸ್ತಕವಾಗಿ ಬರೆದ. ಕನ್ನಡದಲ್ಲಿ ಮುನ್ನುಡಿ ಬರೆದವರು ಪುಸ್ತಕವನ್ನು ಆಮೇಲೆ ಓದಿ ನೋಡುವ ಪದ್ಧತಿ ಇನ್ನೂ ಬಂದಿಲ್ಲ; ಬಂದರೆ ನಮ್ಮ ವಿಮರ್ಶೆ ಚೇತರಿಸಿಕೊಂಡೀತು. 1952ರಲ್ಲಿ ಮಾರ್ಟಿನ್ ಗಾರ್ಡ್ನರ್ ಹುಸಿವಿಜ್ಞಾನಗಳ ಮೇಲಿನ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟ. ಒಳಗಿದ್ದು ಹೊರಬಿದ್ದ ಸಿರಿಲ್ ವೊಸ್ಪರ್ 1971ರಲ್ಲಿ ‘ದಿ ಮೈಂಡ್ ಬೆಂಡರ್ಸ್’ ಬರೆದಾಗ ಲಂಡನ್ನಿನ ಕೋರ್ಟಿನಲ್ಲಿ ತಡೆಯಾಜ್ಞೆ ಬಂತು. ಮೇಲ್ಮನವಿಯಲ್ಲಿ ಲಾರ್ಡ್ ಡೆನ್ನಿಂಗ್ ಅದನ್ನು ತೆಗೆದುಹಾಕಿದರು; ಜನ ತಿಳಿಯಬೇಕಾದ ಸಂಗತಿ ಇದ್ದರೆ ಗುಟ್ಟಿನ ಹಕ್ಕು ಅದಕ್ಕೆ ಅಡ್ಡಬರಬಾರದು ಎಂಬ ಧಾಟಿಯ ತೀರ್ಪು.

ಪಾಲೆಟ್ ಕೂಪರ್ ಎಂಬ ನ್ಯೂಯಾರ್ಕಿನ ಲೇಖಕಿಯ ಪಾಡನ್ನು ಓದುವಾಗ ಮಾತ್ರ ನನ್ನ ನಗು ಬತ್ತಿಹೋಯಿತು. ಹುಟ್ಟಿದ್ದು ಬೆಲ್ಜಿಯಂನಲ್ಲಿ; ಹೆತ್ತವರು ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಸತ್ತರು; ದತ್ತುಮಗಳಾಗಿ ಅಮೆರಿಕಕ್ಕೆ ಬಂದಳು. 1971ರಲ್ಲಿ ‘ದಿ ಸ್ಕ್ಯಾಂಡಲ್ ಆಫ್ ಸೈಂಟಾಲಜಿ’ ಬರೆದಳು. ಅವಳ ಮೇಲೆ 19 ದಾವೆ ಬಿದ್ದವು. ಅಷ್ಟು ಸಾಲದೆಂದು ಅವಳ ಬೆರಳಚ್ಚು ಇದ್ದ ಅವಳದ್ದೇ ಕಾಗದದ ಮೇಲೆ ಬಾಂಬು ಬೆದರಿಕೆಯ ಪತ್ರ ತಯಾರಾಯಿತು. 1973ರಲ್ಲಿ ಫೆಡರಲ್ ಗ್ರಾಂಡ್ ಜ್ಯೂರಿ ಆರೋಪ ಹೊರಿಸಿದ್ದು ಅವಳ ಮೇಲೆ. ಆ ದಿನಗಳಲ್ಲಿ ಅವಳ ಕಷ್ಟಸುಖ ಕೇಳುತ್ತಾ ಸಮಾಧಾನ ಹೇಳುತ್ತಿದ್ದ ಗೆಳೆಯನೊಬ್ಬ, ಕೇಳಿದ್ದನ್ನೆಲ್ಲ ವರದಿ ಬರೆದು ಚರ್ಚಿಗೆ ಒಪ್ಪಿಸುತ್ತಿದ್ದ. ಅವಳನ್ನು ಜೈಲಿಗೋ ಹುಚ್ಚಾಸ್ಪತ್ರೆಗೋ ಸೇರಿಸಬೇಕೆಂಬ ಯೋಜನೆಯ ಕಾಗದಪತ್ರಗಳು 1977ರ ಜುಲೈ 8ರಂದು ಎಫ್‌ಬಿಐನವರು ಚರ್ಚಿನ ಕಚೇರಿಗಳ ಮೇಲೆ ದಾಳಿ ಮಾಡಿದಾಗ ಸಿಕ್ಕವು. ಆ ದಾಳಿ ನಡೆದದ್ದು ಬೇರೆ ಕಾರಣಕ್ಕೆ, ಸರಕಾರಿ ಕಚೇರಿಗಳಿಗೇ ನುಗ್ಗಿ ಕಡತ ಕದ್ದ ಪ್ರಕರಣದಲ್ಲಿ. ಆ ಪ್ರಕರಣದಲ್ಲಿ ಹಬ್ಬರ್ಡನ ಹೆಂಡತಿಯೂ ಸೇರಿ ಹನ್ನೊಂದು ಮಂದಿ ಶಿಕ್ಷೆ ಅನುಭವಿಸಿದರು. ಕೂಪರ್ ಕಳಂಕದಿಂದ ಪಾರಾದಳು. ವಿರೋಧಿಯ ಗೌಪ್ಯವನ್ನು ಕದಿಯಲು ಇಷ್ಟು ಶ್ರಮಪಟ್ಟವರು ತಮ್ಮ ಪಿತೂರಿಯನ್ನು ಮಾತ್ರ ಶುದ್ಧವಾಗಿ ಟೈಪು ಮಾಡಿ, ಕ್ರಮವಾಗಿ ಫೈಲು ಮಾಡಿ ಇಟ್ಟಿದ್ದರು. ಗುಮಾಸ್ತಗಿರಿಗೆ ಅದರದೇ ಒಂದು ನಿಷ್ಪಕ್ಷಪಾತ ಇರುತ್ತದೆ.

ಮಿಲ್ಲರನನ್ನೂ ಬಿಡಲಿಲ್ಲ. ಪೂರ್ವ ಬರ್ಲಿನ್ನಿನಲ್ಲಿ ತೀರಿಕೊಂಡ ಒಬ್ಬ ಗಾಯಕನ ಸಾವಿಗೂ ಅವನಿಗೂ ಗಂಟು ಹಾಕುವ ಪ್ರಯತ್ನ ನಡೆಯಿತು. ಅಮೆರಿಕದಲ್ಲಿ ಪುಸ್ತಕ ಕಟ್ಟುಬಿದ್ದದ್ದು ಸುಳ್ಳು ಬರೆದದ್ದಕ್ಕಲ್ಲ, ಹಬ್ಬರ್ಡನ ಅಪ್ರಕಟಿತ ಪತ್ರ, ದಿನಚರಿಗಳಿಂದ ಸಾಲು ಎತ್ತಿದ್ದಕ್ಕೆ. ಅಂದರೆ ಅವನ ಮಾತನ್ನು ಅವನದೇ ಎಂದು ತೋರಿಸಿದ್ದೇ ತೊಡಕಾಯಿತು. ಕೃತಿಸ್ವಾಮ್ಯದ ವ್ಯಾಜ್ಯ ಸುಪ್ರೀಂ ಕೋರ್ಟಿನ ಬಾಗಿಲ ತನಕ ಹೋಯಿತು. ಪುಸ್ತಕ ಅಲ್ಲಿ ಮತ್ತೆ ಅಚ್ಚಾಗಲು 2014ರ ತನಕ ಕಾಯಬೇಕಾಯಿತು.

ಇಷ್ಟು ಜನರಲ್ಲಿ ನನಗೆ ಅತ್ಯಂತ ಆಪ್ತನಾದವನು ಪುಸ್ತಕ ಬರೆದವನೇ ಅಲ್ಲ. ಜೆರಿ ಆರ್ಮ್‌ಸ್ಟ್ರಾಂಗ್ ಎಂಬ ಆ ಮನುಷ್ಯ ಹಬ್ಬರ್ಡನ ಭಕ್ತ, ಹನ್ನೆರಡಾಣೆ ಅಲ್ಲ, ಹದಿನಾರಾಣೆ ಭಕ್ತ. 1980ರಲ್ಲಿ ಕ್ಯಾಲಿಫೋರ್ನಿಯಾದ ಅವರ ಠಾಣ್ಯದಲ್ಲಿ ಹಬ್ಬರ್ಡನ ಹಳೆಯ ಕಾಗದಗಳ ಪೆಟ್ಟಿಗೆಗಳು ಸಿಕ್ಕವು. ಹರಿದು ಬಿಸಾಡುವ ಗಡಿಬಿಡಿಯಲ್ಲಿದ್ದವರನ್ನು ಈತ ತಡೆದ. ಇದು ಚಿನ್ನ, ಇದರಿಂದ ಗುರುವಿನ ಮೇಲೆ ಕೆಟ್ಟ ಮಾತಾಡುವವರ ಬಾಯಿ ಮುಚ್ಚಿಸಬಹುದು, ಜೀವನಚರಿತ್ರೆ ಬರೆಸೋಣ ಎಂದು ಗುರುವಿನಿಂದಲೇ ಅಪ್ಪಣೆ ತರಿಸಿದ. ಓಮರ್ ಗ್ಯಾರಿಸನ್ ಎಂಬ ಲೇಖಕನನ್ನು ಗೊತ್ತುಮಾಡಿದರು. ಆರ್ಮ್‌ಸ್ಟ್ರಾಂಗನ ಕೆಲಸ ದಾಖಲೆ ಒದಗಿಸುವುದು. ಒದಗಿಸುತ್ತಾ ಹೋದಂತೆ ಒಂದೊಂದೇ ಪವಾಡ ಕಳಚಿಕೊಂಡಿತು. ಓಡಿಹೋಗಲಿಲ್ಲ ಅವನು, ಬಯ್ಯಲೂ ಇಲ್ಲ. ನಾವು ಅಚ್ಚು ಹಾಕಿದ ಪರಿಚಯಪತ್ರದಲ್ಲಿ ತಪ್ಪುಗಳಿವೆ, ವಿರೋಧಿಗಳು ಹಿಡಿಯುವ ಮೊದಲು ನಾವೇ ತಿದ್ದೋಣ ಎಂದು ಮೇಲಿನವರಿಗೆ ಬರೆದ. ನೋಡಿ, ಒಳ್ಳೆಯ ಶಾನುಭಾಗನ ಲಕ್ಷಣ! ತಿದ್ದುವ ಬದಲು ಅವನ ಮೇಲೇ ಕಣ್ಣಿಟ್ಟರು. 1981ರ ಕೊನೆಗೆ ಹೊರಬಂದ. ದಾಖಲೆಗಳ ವಿಷಯಕ್ಕೆ ಚರ್ಚು ದಾವೆ ಹೂಡಿತು. 1984ರಲ್ಲಿ ನ್ಯಾಯಾಧೀಶ ಬ್ರೆಕೆನ್‌ರಿಜ್ ಆರ್ಮ್‌ಸ್ಟ್ರಾಂಗನ ಪರ ತೀರ್ಪು ಕೊಟ್ಟರು. ತನ್ನ ಪೂರ್ವವೃತ್ತಾಂತದ ಬಗ್ಗೆ ಸುಳ್ಳು ಹೇಳುವುದು ಹಬ್ಬರ್ಡನಿಗೆ ಹೆಚ್ಚುಕಡಿಮೆ ರೋಗವೇ ಆಗಿತ್ತು ಎಂಬ ಅರ್ಥದ ಮಾತನ್ನೂ ಬರೆದರು. ಮಿಲ್ಲರ್ ಮೊದಲ್ಗೊಂಡು ಆಮೇಲಿನವರೆಲ್ಲರೂ ಈ ಭಕ್ತನ ಪೆಟ್ಟಿಗೆಗೆ ಋಣಿಗಳು.

ಭಕ್ತಿಯಿಂದ ಹುಡುಕಿದವನಿಗೇ ಹೆಚ್ಚು ಸಿಕ್ಕಿತು ಎಂಬುದನ್ನು ಶೆಟ್ಟರಿಗೆ ಹೇಳಿದೆ. “ಲೆಕ್ಕ ಬರೆಯೂಕೆ ನಂಬಿಗಸ್ತನ್ನ ಕೂರ್ಸ್‌ಕಾಗ” ಎಂದರು ಅವರು, ಬಹಳ ಗಂಭೀರವಾಗಿ. ಅವರ ಮುಂಬಯಿ ಹೊಟೇಲಿನ ಇತಿಹಾಸದಲ್ಲಿ ಏನೋ ಒಂದು ಪ್ರಕರಣ ಇರಬೇಕು; ಕೇಳಲಿಲ್ಲ.

ಸೈಂಟಾಲಜಿಯ ಪುರಾಣವನ್ನು ಕೇಳಿ ನಗುವುದು ಸುಲಭ, ಮತ್ತು ವಿರೋಧಿ ಪುಸ್ತಕಗಳಲ್ಲಿ ಕೆಲವು ಆ ಸುಲಭದ ದಾರಿಯನ್ನೇ ಹಿಡಿದಿವೆ. ಏಳೂವರೆ ಕೋಟಿ ವರ್ಷದ ಹಿಂದೆ ಕ್ಸೀನು ಎಂಬ ಅಂತರಿಕ್ಷದ ದುಷ್ಟ ದೊರೆ ಕೋಟ್ಯಂತರ ಜೀವಿಗಳನ್ನು ವಿಮಾನದಂಥ ನೌಕೆಗಳಲ್ಲಿ ಭೂಮಿಗೆ ತಂದು, ಜ್ವಾಲಾಮುಖಿಗಳ ಬುಡದಲ್ಲಿಟ್ಟು ಸಿಡಿಸಿದ. ಆ ಆತ್ಮಗಳು ಈಗ ನಮಗೆ ಅಂಟಿಕೊಂಡಿವೆ. ತ್ರೇತಾಯುಗಕ್ಕೆ 12,96,000 ವರ್ಷ ಎಂದು ಪಂಚಾಂಗದಲ್ಲಿ ಓದಿಕೊಂಡು ಬೆಳೆದ ನಾವು ಇದಕ್ಕೆ ನಕ್ಕರೆ ಶೋಭಿಸದು. ಪುಷ್ಪಕ ವಿಮಾನದ ಮಾತು ಬೇರೆ ಇದೆ. ನನ್ನ ತಕರಾರು ಇನ್ನೊಂದು. ಅವರ ಈ ಕಥೆ ಗುಟ್ಟು. ಮೆಟ್ಟಿಲು ಮೆಟ್ಟಿಲಾಗಿ ದುಡ್ಡು ಕಟ್ಟಿ ಬಹಳ ಮೇಲಕ್ಕೆ ಹೋದವರ ಕಿವಿಗೆ ಮಾತ್ರ. ನಮ್ಮಲ್ಲಿ ಕ್ಷೇತ್ರಮಹಾತ್ಮೆಯನ್ನು ಗದ್ದೆಯಲ್ಲಿ ರಂಗಸ್ಥಳ ಹಾಕಿ, ಮೈಕು ಕಟ್ಟಿ, ಕೇಳಲು ಬಂದವರಿಗೂ ಮರುದಿನ ಪರೀಕ್ಷೆ ಇರುವ ಮಕ್ಕಳಿಗೂ ಬೆಳಗಿನ ತನಕ ಧರ್ಮಕ್ಕೇ ಕೇಳಿಸುತ್ತಾರೆ.

ಮಹಾತ್ಮೆ ಎಂದಾಗ ಕೊಲ್ಲೂರಿನದ್ದನ್ನು ಬಿಡಲಾಗದು. ಅಸುರನೊಬ್ಬ ಘೋರ ತಪಸ್ಸು ಮಾಡುತ್ತಾನೆ. ವರ ಕೇಳುವ ಹೊತ್ತಿಗೆ ಅವನ ಬಾಯಿ ಕಟ್ಟುತ್ತದೆ, ಮೂಕಾಸುರನಾಗುತ್ತಾನೆ, ಕೊನೆಗೆ ದೇವಿಯ ಕೈಯಲ್ಲಿ ಹತನಾಗುತ್ತಾನೆ. ಎದುರಾಳಿಯ ಬಾಯಿ ಕಟ್ಟಿಸಿದ ಕಥೆಯೇ ಇದು, ಒಪ್ಪಿದೆ. ಆದರೆ ಕೊಂದ ದೇವಿ ಅವನ ಹೆಸರನ್ನೇ ತನ್ನ ಹೆಸರಿನೊಳಗೆ ಇಟ್ಟುಕೊಂಡಳು. ಸತ್ತ ಜಾಗ ಎನ್ನುವ ಮಾರಣಕಟ್ಟೆಯಲ್ಲಿ ಬ್ರಹ್ಮಲಿಂಗೇಶ್ವರನ ಗುಡಿ ಎದ್ದು, ಕೊಲ್ಲೂರಿಗೆ ಹೋದವರು ಅಲ್ಲಿಗೂ ಹೋಗಿ ಕೈಮುಗಿದು ಬರುತ್ತಾರೆ. ಸೈಂಟಾಲಜಿಯಲ್ಲಿ ಎದುರು ಮಾತಾಡಿದವನಿಗೆ ‘ದಮನಕಾರಿ ವ್ಯಕ್ತಿ’ ಎಂದು ಹಣೆಪಟ್ಟಿ ಹಚ್ಚುತ್ತಾರೆ. ಮನೆಯವರೂ ಅವನೊಡನೆ ಮಾತು ಬಿಡಬೇಕು. ನಾಯಕ ಡೇವಿಡ್ ಮಿಸ್ಕ್ಯಾವಿಜ್‌ನ ಅಣ್ಣನ ಮಗಳು ಜೆನ್ನಾ 2013ರಲ್ಲೂ, ಅವನ ತಂದೆ ರಾನ್ 2016ರಲ್ಲೂ ಹೊರಗಿನಿಂದ ಪುಸ್ತಕ ಬರೆಯಬೇಕಾಯಿತು. ಮನೆಯ ಮಾತನ್ನು ಮುದ್ರಣಾಲಯದ ಮೂಲಕ ಆಡುವ ಅವಸ್ಥೆ ಯಾರಿಗೂ ಬರಬಾರದು.

‘ಸೀ ಆರ್ಗ್’ ಎಂಬ ಅವರ ಖಾಸಾ ಸೇವಕರ ದಳ ನೂರು ಕೋಟಿ ವರ್ಷದ ಕರಾರಿಗೆ ಸಹಿ ಹಾಕುತ್ತದಂತೆ, ಜನ್ಮ ಜನ್ಮಾಂತರಕ್ಕೂ ದುಡಿಯುತ್ತೇವೆ ಎಂದು. ಪಾಶ್ಚಾತ್ಯ ಲೇಖಕರೆಲ್ಲ ಇಲ್ಲಿಗೆ ಬಂದಾಗ ಬೆಚ್ಚಿಬೀಳುತ್ತಾರೆ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ಕೂತ ನಮ್ಮವರಿಗೆ ಅದೊಂದು ಹೇಳಿಕೊಳ್ಳುವಂಥ ಅವಧಿಯೇ ಅಲ್ಲ.

ಹಾಗಾದರೆ ನಾವೇ ವಾಸಿ ಎಂದು ಎದೆ ತಟ್ಟಿಕೊಳ್ಳೋಣವೇ? ನನಗೆ ಧೈರ್ಯ ಸಾಲದು. ನಮ್ಮ ಎದುರು ಅರ್ಥವೆಲ್ಲ ಬಾಯಲ್ಲಿದೆ. ಅಚ್ಚಿಗೆ ಬಂದ ಕೂಡಲೇ ನಮಗೂ ಮೈ ಬಿಸಿಯಾಗುತ್ತದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ಮಾಡಿದರು. ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು ಸತ್ಯಸಾಯಿಬಾಬಾ ಅವರಿಗೆ ವಿನಯದಿಂದಲೇ ಪತ್ರ ಬರೆದರು. ಒಪ್ಪಿಗೆ ಬರಲಿಲ್ಲ, ಬಯ್ಗುಳ ಮಾತ್ರ ನರಸಿಂಹಯ್ಯನವರಿಗೆ ಧಾರಾಳ ಬಂತು. ಮಂಗಳೂರಿನ ನರೇಂದ್ರ ನಾಯಕರು ಶೂನ್ಯದಿಂದ ವಿಭೂತಿ ತೆಗೆದು, ತೆಗೆದದ್ದು ಹೇಗೆ ಎಂದೂ ಹೇಳಿಕೊಡುತ್ತಾ ಊರೂರು ತಿರುಗಿದರು; ಜನ ವಿಭೂತಿಗೆ ಚಪ್ಪಾಳೆ ತಟ್ಟಿದರು, ವಿವರಣೆಗೆ ಸ್ವಲ್ಪ ಕಡಿಮೆ ತಟ್ಟಿದರು. ಬಸವಣ್ಣನವರ ಕುರಿತ ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ವನ್ನು ಸರಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಕಾದಂಬರಿಯ ಗುಣದೋಷ ಬೇರೆ ಮಾತು; ಓದಿ ಜಗಳವಾಡುವ ಅವಕಾಶ ಹೋಯಿತಲ್ಲ, ಅದು ನನ್ನ ಸಂಕಟ.

ಈ ಸೀಮೆಯಲ್ಲಿ ಒಬ್ಬರಿದ್ದರು, ಕೋಟದವರು. ಶಿವರಾಮ ಕಾರಂತರ ಮೂಕಜ್ಜಿಯನ್ನು ಎಲ್ಲರೂ ನೆನೆಯುತ್ತಾರೆ. ದೇವರುಗಳ ಬಗ್ಗೆ ಅಷ್ಟು ನೆಟ್ಟಗೆ ಮಾತಾಡಿದ ಮುದುಕಿಗೆ ಜ್ಞಾನಪೀಠವೂ ಬಂತು. ನನಗೆ ಈ ಹಬ್ಬರ್ಡ್ ಪುಸ್ತಕಗಳ ಮಗ್ಗುಲಲ್ಲಿ ಇಡಬೇಕೆನಿಸುವುದು 1960ರ ‘ಅಳಿದ ಮೇಲೆ’. ರೈಲಿನಲ್ಲಿ ಪರಿಚಯವಾಗಿದ್ದ ಯಶವಂತರಾಯ ಮುಂಬಯಿಯಲ್ಲಿ ತೀರಿಹೋಗಿದ್ದಾನೆ. ಅವನು ಬಿಟ್ಟುಹೋದ ದುಡ್ಡು, ಕೆಲವು ವಿಳಾಸ ಹಿಡಿದು ನಿರೂಪಕ ಅವನನ್ನು ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾನೆ. ಒಬ್ಬರು ಹೊಗಳುತ್ತಾರೆ, ಒಬ್ಬರು ಶಪಿಸುತ್ತಾರೆ, ಕೆಲವರಿಗೆ ಅವನಿಗಿಂತ ಅವನ ದುಡ್ಡು ಮುಖ್ಯ. ಸತ್ತವನು ಗುರುವಲ್ಲ, ದೈವವಲ್ಲ. ಅವನಿಗೆ ಭಕ್ತರಿಲ್ಲ, ವಕೀಲರಿಲ್ಲ. ಆದರೂ ಒಬ್ಬ ಮನುಷ್ಯ ಯಾರಾಗಿದ್ದ ಎಂದು ತಿಳಿಯಲು ಬಸ್ಸು ಹತ್ತಿ, ಮಣ್ಣುದಾರಿ ನಡೆದು, ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಬೇಕಾಗುತ್ತದೆ. ಮಿಲ್ಲರ್ ಮಾಡಿದ್ದೂ ಅದನ್ನೇ, ಸಿಟ್ಟು ಸ್ವಲ್ಪ ಹೆಚ್ಚು ಇಟ್ಟುಕೊಂಡು.

ಸಿಟ್ಟಿಲ್ಲದೆ ಮಾಡಿದವನು ಲಾರೆನ್ಸ್ ರೈಟ್. 2013ರ ಅವನ ‘ಗೋಯಿಂಗ್ ಕ್ಲಿಯರ್’ನಲ್ಲಿ, ಇಷ್ಟು ಬುದ್ಧಿವಂತರು ಇದನ್ನು ಯಾಕೆ ನಂಬಿದರು, ಅವರಿಗೆ ಇದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಗೌರವವಿದೆ. ಮೊದಲು ‘ನ್ಯೂಯಾರ್ಕರ್’ ಪತ್ರಿಕೆಗೆ ಲೇಖನ ಬರೆದಾಗ, ಸಂಗತಿ ಪರಿಶೀಲಿಸುವವರು ಚರ್ಚಿಗೆ 971 ಪ್ರಶ್ನೆ ಕಳಿಸಿದರಂತೆ. ಉತ್ತರವಾಗಿ ಚರ್ಚಿನವರು ವಕೀಲರನ್ನೂ 48 ಬಿಳಿ ಫೈಲುಗಳನ್ನೂ ಹೊತ್ತು ನ್ಯೂಯಾರ್ಕಿಗೆ ಬಂದರು. ಹಬ್ಬರ್ಡ್ ಯುದ್ಧದಲ್ಲಿ ಗಾಯಗೊಂಡಿಲ್ಲ ಎಂದಾದರೆ ವಾಸಿಯಾದದ್ದೂ ಸುಳ್ಳು, ವಾಸಿಯಾದದ್ದು ಸುಳ್ಳಾದರೆ ಉಳಿದದ್ದೂ ಸುಳ್ಳು ಎಂದು ಅವರ ವಕ್ತಾರನೇ ಒಪ್ಪಿಕೊಂಡ. ಆದರೆ ಹಬ್ಬರ್ಡ್ ಯುದ್ಧವೀರ ಎಂಬುದೇ ಸತ್ಯ ಎಂದ. ಅದಕ್ಕೆ ಪುರಾವೆಯಾಗಿ ನೌಕಾಪಡೆಯ ಬಿಡುಗಡೆ ಪತ್ರವನ್ನೂ ಕೊಟ್ಟರು. ಸೈನ್ಯದ ದಾಖಲಾತಿಯಲ್ಲಿ ತಾಳೆ ನೋಡಿದರೆ ಅದರಲ್ಲಿದ್ದ ಕೆಲವು ಪದಕಗಳು ಎಂದೂ ಇರಲಿಲ್ಲ, ಸಹಿ ಹಾಕಿದ ಅಧಿಕಾರಿಯ ಸುಳಿವೂ ಸಿಗಲಿಲ್ಲ. 48 ಫೈಲು ನೋಡಿದಾಗಲೇ ಇದು ಲೇಖನವಲ್ಲ, ಪುಸ್ತಕ ಎಂದು ರೈಟನಿಗೆ ಅನ್ನಿಸಿತಂತೆ. ವಾಲಿಗೆ ಕೂರಲು ಕುರ್ಚಿ ಕೊಟ್ಟವರು ಕೊನೆಗೂ ಅವರೇ.

ನಮ್ಮ ಊರಿನಲ್ಲಿ 48 ಫೈಲು ಬೇಕಾಗುವ ಮಹಾಪುರುಷರಿಲ್ಲ; ಅಭಿನಂದನ ಗ್ರಂಥಕ್ಕೆ ಬರುವವರು ಮಾತ್ರ ಬಹಳ. ಮುಖ್ಯೋಪಾಧ್ಯಾಯರು ನಿವೃತ್ತರಾದರೆ ಒಂದು, ಹೊಟೇಲಿನವರಿಗೆ ಎಪ್ಪತ್ತೈದಾದರೆ ಒಂದು. ಬಡತನ, ಮೈಲುಗಟ್ಟಲೆ ನಡೆದು ಕಲಿತದ್ದು, ಹೊರಟು ಹೋದದ್ದು, ಲೋಟ ತೊಳೆದದ್ದು, ಗೆದ್ದದ್ದು, ಊರಿನ ದೇವಸ್ಥಾನಕ್ಕೆ ತಾಮ್ರದ ಹೊದಿಕೆ. ಬಿಡುಗಡೆಯ ದಿನ ವೇದಿಕೆಯಲ್ಲಿ ಗ್ರಂಥ. ಊಟದ ಪಂಕ್ತಿಯಲ್ಲಿ ಅದರ ಪರಿಷ್ಕೃತ ಆವೃತ್ತಿ, ಪಿಸುಮಾತಿನಲ್ಲಿ. ಎರಡನೆಯದನ್ನು ಯಾರೂ ಕೊಂಡು ಓದುವಂತಿಲ್ಲ, ಪಂಕ್ತಿಯಲ್ಲಿ ಕೂತವರಿಗೆ ಮಾತ್ರ.

ಮೊನ್ನೆ ಅಂಥ ಒಂದು ಗ್ರಂಥದ ಸಂಪಾದಕ, ನನ್ನ ಹಳೆಯ ಶಿಷ್ಯ, ಫೋನು ಮಾಡಿದ. ಎರಡು ಪುಟ ಬೇಕು, ಸನ್ಮಾನಿತರ ಬಾಲ್ಯದ ಮೇಲೆ.

“ಶಾಲೆಗೆ ಎಷ್ಟು ಮೈಲಿ ನಡೀತಿದ್ರು ಮಾಣಿ? ಸರಿ ಕೇಳಿ ಹೇಳು,” ಎಂದೆ.

“ಅದೊಂದ್ ಕೇಂಬುಕೆ ಹೋಯ್ಬೇಡಿ ಮಾಷ್ಟ್ರೆ. ಅರವತ್ತರ ಗ್ರಂಥದಂಗೆ ಆರ್ ಇತ್ತ್. ಈಗ ಎಂಟ್ ಅಂತಿದ್ರ್. ನೀವ್ ಏಳ್ ಅಂತ ಹಾಕಿ.”

ಫೋನು ಇಟ್ಟಾಗ ಶೆಟ್ಟರು ಬೇಲಿಯ ಹತ್ತಿರವೇ ಇದ್ದರು. ಸನ್ಮಾನಿತರೂ ಇವರೂ ಒಂದೇ ಬೆಂಚಿನವರು.

“ಏಳ್ ಮೈಲಿಯಾ? ಶಾಲೆ ಇದ್ದದ್ದ್ ಅವ್ರ್ ಗದ್ದೆ ಆಚೆ ಬದಿಯಂಗೆ. ಆರೆ ಮಳೆಗಾಲದಂಗೆ ತೋಡ್ ದಾಂಟುಕೆ ಆತಿರ್ಲಿಲ್ಲೆ. ಸಂಕ ಕೊಚ್ಕಂಡ್ ಹೋತಿತ್ತ್. ಅವ್ನಪ್ಪಯ್ಯ ಹೆಗಲ್ ಮೇಲೆ ಕೂರ್ಸ್ಕಂಡ್ ದಾಂಟ್ಸ್ತಿದ್ರ್, ಕುತ್ತಿಗೆ ಮಟ್ಟ ನೀರಂಗೆ. ಅದ್ನ ಬರೀರಿ.”

ನಾನು ಪೆನ್ನು ತೆಗೆದುಕೊಂಡೆ.

“ಆರೆ ನಾನ್ ಹೇಳದ್ದ್ ಅಂತ ಹಾಕ್ಬೇಡಿ ಮಾಷ್ಟ್ರೆ,” ಎಂದರು ಶೆಟ್ಟರು.